ಉರು ಹೊಡೆಯುವವರು

ನಾಳೆ ಮಗಳಿಗೆ ಸಮಾಜ ವಿಜ್ಞಾನದ ಟೆಸ್ಟ್. ಎಂಟನೇ ಕ್ಲಾಸು, ಪ್ರಾಚೀನ ನಾಗರಿಕತೆಗಳ ಪಾಠ. ಸೋಫಾದ ಮೇಲೆ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ, ಹಿಂದೆ ಮುಂದೆ ತೂಗುತ್ತಾ ಮಣಮಣ ಅನ್ನುತ್ತಿದ್ದಾಳೆ: "ಜಿಗ್ಗುರಾಟ್ ಅಂದರೆ ಮೆಟ್ಟಿಲು ಮೆಟ್ಟಿಲಾದ ಗುಡಿಗೋಪುರ. ಕ್ಯೂನಿಫಾರ್ಮ್ ಅಂದರೆ ಬೆಣೆಯಾಕಾರದ ಲಿಪಿ."

"ಬೆಣೆ ಅಂದ್ರೇನೇ?" ಅಂತ ಕೇಳಿದೆ.

"ಲಿಪಿ!"

ಅಡುಗೆಮನೆಗೆ ಹೋಗಿ ಚಪಾತಿ ಹಿಟ್ಟಿನ ಒಂದು ಉಂಡೆ ತಂದೆ. ಅದನ್ನು ಅಂಗೈಯಲ್ಲಿ ತಟ್ಟಿ, ಚೌಕ ತುದಿಯ ಕಡ್ಡಿಯ ಮೂಲೆಯನ್ನು ಓರೆಯಾಗಿ ಒತ್ತಿದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಬಾಗಿಲು ಅಲುಗದ ಹಾಗೆ ಸಂದಿಗೆ ತುರುಕುತ್ತೇವಲ್ಲ, ಅದೇ ಬೆಣೆ. ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕ್ ಕಡೆಯ, ಸುಮೇರಿನವರು ಹೀಗೇ ಹಸಿ ಜೇಡಿಮಣ್ಣಿನ ಮೇಲೆ ಜೊಂಡಿನ ಕಡ್ಡಿ ಒತ್ತಿ ಬರೆದರು. ಮಗಳು ಪುಸ್ತಕ ಬಿಟ್ಟು ಹಿಟ್ಟು ಕಿತ್ತುಕೊಂಡಳು. ಒಳಗಿನಿಂದ ಹೆಂಡತಿ, "ನಾಳೆ ಡಬ್ಬಿಗೆ ಮೆಸೊಪೊಟೇಮಿಯಾನೇ ಕಟ್ಟಿಕೊಡ್ತೀನಿ" ಅಂದಳು.

ಆ ನಾಡಿನ ಊರುಗಳ ಹೆಸರೂ ಉರ್, ಉರುಕ್. ಉರು ಹೊಡೆಯುವುದಕ್ಕೂ ಅದಕ್ಕೂ ಸಂಬಂಧವೇನಿಲ್ಲ, ಸುಮ್ನೆ ಕಿವಿಗೆ ಹಾಗೆ ಕೇಳಿಸುತ್ತದೆ. ಆದರೆ ಉರು ಹೊಡೆಯುವ ಕೆಲಸ ಅಲ್ಲಿ ಜೋರಾಗಿಯೇ ನಡೆದಿತ್ತು. ಉರುಕ್‌ನಲ್ಲಿ ಸಿಕ್ಕ ಐದು ಸಾವಿರ ವರ್ಷ ಹಳೆಯ ಜೇಡಿಮಣ್ಣಿನ ಹಲಗೆಗಳಲ್ಲಿ ಹೆಚ್ಚಿನವು ಬಾರ್ಲಿ, ಕುರಿ, ಬಿಯರ್‌ಗಳ ಲೆಕ್ಕ. ಉಳಿದವು ಪದಪಟ್ಟಿಗಳು. ಮುಂದೆ ಅದೇ ನಾಡಿನ ನಿಪ್ಪೂರ್ ಅನ್ನೋ ಊರಿನ ಒಂದು ಪುಟ್ಟ ಮನೆಯಲ್ಲಿ, ಸುಮಾರು 3,700 ವರ್ಷಗಳ ಹಿಂದೆ, ಹುಡುಗರು ಮರಗಳ ಹೆಸರು, ಮರದ ಸಾಮಾನುಗಳ ಹೆಸರು ಅಂತ ಸಾಲುಸಾಲು ಬರೆದು ಬಾಯಿಪಾಠ ಮಾಡುತ್ತಿದ್ದರು. 1950ರ ದಶಕದ ಆರಂಭದಲ್ಲಿ ಆ ಮನೆ ಅಗೆದಾಗ ಸಾವಿರಕ್ಕೂ ಜಾಸ್ತಿ ಹಲಗೆಗಳು ಸಿಕ್ಕವು. ಬರೆದದ್ದು ಮುಗಿದ ಮೇಲೆ ಹಲಗೆಯನ್ನು ನೀರಲ್ಲಿ ನೆನೆಸಿ, ನಾದಿ, ಹೊಸದು ಮಾಡಿಕೊಳ್ಳುವುದಕ್ಕೆ ಅಲ್ಲೇ ಒಂದು ತೊಟ್ಟಿಯೂ ಇತ್ತು. ನಮ್ಮ ಸ್ಲೇಟಿಗೆ ಎಂಜಲು ಸಾಕಾಗುತ್ತಿತ್ತು, ಅಷ್ಟೇ ವ್ಯತ್ಯಾಸ.

ನನಗೆ ಇಷ್ಟವಾದದ್ದು ಮಾತ್ರ ಆ ಕಾಲದ ಒಂದು ಶಾಲೆಕಥೆ. ಹುಡುಗನಿಗೆ ಒಂದೇ ದಿನದಲ್ಲಿ ಏಟಿನ ಮೇಲೆ ಏಟು. ಮಾತಾಡಿದ್ದಕ್ಕೆ, ಎದ್ದು ನಿಂತಿದ್ದಕ್ಕೆ, ಗೇಟು ದಾಟಿದ್ದಕ್ಕೆ, ಅಕ್ಷರ ಚೆನ್ನಾಗಿಲ್ಲದ್ದಕ್ಕೆ. ಸುಮೇರಿಯನ್ ಮಾತಾಡದಿದ್ದಕ್ಕೂ ಒಂದು. ಅಷ್ಟು ಹೊತ್ತಿಗೆ ಸುಮೇರಿಯನ್ ಮನೆಮಾತಾಗಿ ಉಳಿದಿರಲಿಲ್ಲ, ಮನೆಯಲ್ಲಿ ಆಡುತ್ತಿದ್ದದ್ದು ಅಕ್ಕೇಡಿಯನ್. ಇದನ್ನು ಓದಿದಾಗ ನನ್ನ ಕೈ ತಾನಾಗಿ ಜೇಬು ಮುಟ್ಟಿಕೊಂಡಿತು. ನಾನು ಓದಿದ ಶಾಲೆಯಲ್ಲಿ ಒಂದು ಕನ್ನಡ ಪದಕ್ಕೆ ಐವತ್ತು ಪೈಸೆ ದಂಡ. ಜಗಳ ಪೂರ್ತಿ ಕನ್ನಡದಲ್ಲೇ ಆಡಬೇಕೆಂದರೆ ಎರಡು ರೂಪಾಯಿ ಮೊದಲೇ ಹೊಂದಿಸಿಕೊಂಡಿರಬೇಕಿತ್ತು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹುಡುಗ ಅಪ್ಪನಿಗೆ ಒಂದು ಉಪಾಯ ಹೇಳಿಕೊಡುತ್ತಾನೆ. ಅಪ್ಪ ಮೇಷ್ಟ್ರನ್ನು ಮನೆಗೆ ಕರೆದು ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಉಪಚರಿಸಿ, ಹೊಸ ಬಟ್ಟೆ ಉಡಿಸಿ, ಬೆರಳಿಗೆ ಉಂಗುರ ತೊಡಿಸುತ್ತಾನೆ. ಮೇಷ್ಟ್ರು ಕರಗಿಹೋಗಿ, ಹುಡುಗನನ್ನು ಬಾಯ್ತುಂಬ ಹೊಗಳುತ್ತಾರೆ.

ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಗಂಟೆ ಹತ್ತೂವರೆ. ಹಿಟ್ಟಿನ ಹಲಗೆ ಬಿರುಕು ಬಿಟ್ಟಿತ್ತು. ಮಗಳು ಪಾಠದ ಕಡೆ ಒಮ್ಮೆ ನೋಡಿದಳು, ಉಳಿದ ಪುಟಗಳನ್ನು ಬೆರಳಲ್ಲಿ ಎಣಿಸಿದಳು.

"ಅಪ್ಪಾ, ನಮ್ಮ ಮಿಸ್‌ನ ನಾಳೆ ಬೆಳಗ್ಗೆ ತಿಂಡಿಗೆ ಕರೆದ್ರೆ ಬರ್ತಾರಾ?"