ಕಿಲುಬಿಗೂ ಬೆಲೆ ಕಟ್ಟುವ ಊರಿನಲ್ಲಿ

"ಇದನ್ನು ಯಾರು ತೊಳೆದರು?"

ಆ ಹಿರಿಯರು ಕೇಳಿದ್ದು ಇಷ್ಟೇ. ನಾನು ಖುಷಿಯಲ್ಲೇ "ನಾನೇ" ಅಂದೆ. ಅವರು ಅದನ್ನು ಇನ್ನೊಂದು ಸಲ ತಿರುಗಿಸಿ ನೋಡಿ, ನಿಧಾನಕ್ಕೆ ಮೇಜಿನ ಮೇಲಿಟ್ಟರು. "ಈ ಬಣ್ಣ ಬರೋಕೆ ಅರವತ್ತು ವರ್ಷ ಹಿಡಿದಿತ್ತು" ಅಂದರು. ಬೈಯಲಿಲ್ಲ. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಅದು ಲೋಹದ ಒಂದು ಮರ. ಒಂದು ಗೇಣು ಎತ್ತರ. ತೆಳು ಕಬ್ಬಿಣದ ಕಡ್ಡಿಗಳನ್ನು ರೆಂಬೆಯ ಹಾಗೆ ಬೆಸೆದು, ತುದಿಗಳಿಗೆ ಹಿತ್ತಾಳೆ ಕರಗಿಸಿ ಹನಿ ಹನಿಯಾಗಿ ಬೀಳಿಸಿದ್ದಾರೆ. ಆ ಹನಿಗಳೇ ಎಲೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಶಿಲ್ಪಗಳನ್ನು ಬೇಕಾದಷ್ಟು ಜನ ಮಾಡುತ್ತಿದ್ದರು. ಇದಕ್ಕೆ ಸಹಿ ಇಲ್ಲ, ಯಾರು ಮಾಡಿದ್ದು ಅಂತ ತಿಳಿಯುವ ದಾರಿಯೂ ಇಲ್ಲ. ಡೆಟ್ರಾಯ್ಟ್ ಹತ್ತಿರದ ಒಂದು ಮನೆಯ ಎಸ್ಟೇಟ್ ಸೇಲ್‌ನಲ್ಲಿ, ಅಂದರೆ ತೀರಿಕೊಂಡವರ ಮನೆ ಸಾಮಾನಿನ ಮಾರಾಟದಲ್ಲಿ, ನಲವತ್ತು ಡಾಲರಿಗೆ ತಂದಿದ್ದೆ. ತಂದಾಗ ಎಲೆಗಳೆಲ್ಲ ಕಂದು, ಅಲ್ಲಲ್ಲಿ ಹಸಿರು. ಮನೆಗೆ ಬಂದವನೇ ಹುಣಸೆಹಣ್ಣು, ಕಲ್ಲುಪ್ಪು ತಗೊಂಡು ಸಿಂಕಿನ ಮುಂದೆ ನಿಂತೆ. ಅಮ್ಮ ದೇವರ ಪಾತ್ರೆ ತಿಕ್ಕುವಂತೆ ತಿಕ್ಕಿದೆ. ಹತ್ತು ನಿಮಿಷಕ್ಕೆ ಹಿತ್ತಾಳೆ ಬೆಳಗಿತು. ನಿಜ ಹೇಳಬೇಕು ಅಂದರೆ ಪೂರ್ತಿ ಹಳದಿ ಆಗಲಿಲ್ಲ. ಹಳೇ ಹಿತ್ತಾಳೆಯನ್ನು ಹುಳಿಯಲ್ಲಿ ತಿಕ್ಕಿದರೆ ಬರುತ್ತಲ್ಲ, ಆ ಗುಲಾಬಿ ಛಾಯೆ, ಅದು ಬಂತು. ಎರಡೇ ದಿನಕ್ಕೆ ಕಬ್ಬಿಣದ ರೆಂಬೆಗಳ ಸಂದಿಯಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಕಾಣಿಸಿಕೊಂಡಿತು. ಬೆಸುಗೆ ನನ್ನ ಕಸುಬು. ಕಾರ್ ಬಾಡಿಯ ವೆಲ್ಡಿಂಗ್ ನೋಡಿಕೊಳ್ಳುವ ಕೆಲಸದಲ್ಲಿ ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಆ ತುಕ್ಕು ಬರುತ್ತದೆ ಅಂತ ನನಗೆ ಗೊತ್ತಿರಬೇಕಿತ್ತು. ಆದರೆ ಕೈಗೆ ಹುಣಸೆಹಣ್ಣು ಬಂದಾಗ ನಾನು ಇಂಜಿನಿಯರ್ ಆಗಿರಲಿಲ್ಲ. ತಿಪಟೂರಿನ ಮನೆಯ ಮಗ ಆಗಿದ್ದೆ.

ಆ ಹಿರಿಯರ ಬಳಿ ಹೋಗುವುದನ್ನು ಮಾತ್ರ ಬಿಡಲಿಲ್ಲ. ಭಾನುವಾರದ ಸಂತೆಯಲ್ಲಿ ಹಳೇ ಲೋಹದ ಕುರ್ಚಿ, ಗೋಡೆಗೆ ತೂಗುಹಾಕುವ ಹಿತ್ತಾಳೆ ಹಕ್ಕಿಗಳು, ಇಂಥವನ್ನು ಮಾರುತ್ತಾರೆ. ಮಾರುವುದಕ್ಕಿಂತ ಮಾತಾಡುವುದೇ ಜಾಸ್ತಿ. ಅವರಿಂದ ಕಲಿತದ್ದು ಬಹಳ. ಕುರ್ಚಿ ಕಂಡ ಕೂಡಲೇ ಕೂರಬೇಡ, ಮೊದಲು ತಲೆಕೆಳಗು ಮಾಡು. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೋ. ಹಿತ್ತಾಳೆ ಅಂತ ಹೇಳಿ ಹಿತ್ತಾಳೆ ಲೇಪದ ಕಬ್ಬಿಣ ಕೊಡುತ್ತಾರೆ, ಅಯಸ್ಕಾಂತ ಸುಳ್ಳು ಹೇಳಲ್ಲ. 1944ರಲ್ಲಿ ಅಮೆರಿಕದ ನೌಕಾಪಡೆಗೆ ಅಂತ ಪೆನ್ಸಿಲ್ವೇನಿಯಾದಲ್ಲಿ ಮಾಡಿದ ಅಲ್ಯೂಮಿನಿಯಂ ಕುರ್ಚಿ ಇದೆಯಲ್ಲ, ಎಮೆಕೋ 1006, ಅದಕ್ಕೂ ಅಂಟಲ್ಲ. ಉಪ್ಪುನೀರಿಗೂ ಬಗ್ಗದ ಕುರ್ಚಿ ಅದು.

ನನಗೆ ಹುಚ್ಚು ಹಿಡಿಸಿದ್ದು ಬರ್ಟೋಯಾ ಕುರ್ಚಿ. ಹ್ಯಾರಿ ಬರ್ಟೋಯಾ ಇಟಲಿಯ ಹಳ್ಳಿಯವನು. 1930ರಲ್ಲಿ, ಹದಿನೈದನೇ ವಯಸ್ಸಿಗೆ, ಇದೇ ಡೆಟ್ರಾಯ್ಟ್‌ಗೆ ಬಂದ. ನಾನು ದಿನಾ ಓಡಾಡುವ ರಸ್ತೆಗಳ ಹತ್ತಿರವೇ ಇರುವ ಕ್ರ್ಯಾನ್‌ಬ್ರೂಕ್ ಕಲಾಶಾಲೆಯಲ್ಲಿ ಓದಿ, ಅಲ್ಲೇ ಲೋಹದ ಕೆಲಸ ಕಲಿಸಿದ. ಯುದ್ಧ ಬಂದು ಲೋಹವೇ ಸಿಗದ ಹಾಗಾದಾಗ ಪಾತ್ರೆ ಪಡಗ ಬಿಟ್ಟು ಪುಟ್ಟ ಪುಟ್ಟ ಒಡವೆ ಮಾಡಿದ. ಆಮೇಲೆ ಪೆನ್ಸಿಲ್ವೇನಿಯಾಕ್ಕೆ ಹೋಗಿ ನಾಲ್ ಅನ್ನುವ ಪೀಠೋಪಕರಣದ ಕಂಪನಿಗೆ ತಂತಿಯ ಕುರ್ಚಿಗಳನ್ನು ಮಾಡಿಕೊಟ್ಟ. 1952ರಲ್ಲಿ ಬಂದ ಡೈಮಂಡ್ ಚೇರ್ ಅದರಲ್ಲಿ ಹೆಸರುವಾಸಿ. ಅದರಿಂದ ಬಂದ ದುಡ್ಡಿನಲ್ಲಿ ಉಳಿದ ಜೀವನವೆಲ್ಲ ಶಿಲ್ಪ ಮಾಡಿಕೊಂಡಿದ್ದ. ಈ ಕುರ್ಚಿಗಳಲ್ಲಿ ಇರುವುದು ಹೆಚ್ಚಾಗಿ ಗಾಳಿಯೇ ಅಂತ ಅವನೇ ಹೇಳಿದ್ದಾನೆ. ನಿಜ. ಅದರ ಮೂಲಕ ಆಚೆ ಗೋಡೆ ಕಾಣುತ್ತದೆ, ಕಿಟಕಿ ಕಾಣುತ್ತದೆ, ಮಗು ಹಿಂದೆ ಅಡಗಿ ಕೂತರೆ ಅದೂ ಕಾಣುತ್ತದೆ.

ಅಂಥ ಒಂದು ಕುರ್ಚಿ ನನಗೆ ಹೋದ ವರ್ಷ ಒಂದು ನೆಲಮಾಳಿಗೆಯಲ್ಲಿ ಸಿಕ್ಕಿತು. ಮನೆಯ ಯಜಮಾನಿ ತೀರಿಕೊಂಡಿದ್ದರು. ಮಕ್ಕಳು ಲೋಟದಿಂದ ಹಿಡಿದು ಮಂಚದ ತನಕ ಎಲ್ಲಕ್ಕೂ ಬೆಲೆಚೀಟಿ ಅಂಟಿಸಿದ್ದರು. ಸತ್ತವರ ಮನೆಯಲ್ಲಿ ಕೈಯಾಡಿಸುತ್ತಾ ಓಡಾಡುವುದು ನನಗೆ ಇವತ್ತಿಗೂ ಒಗ್ಗಿಲ್ಲ. ಆದರೆ ಮೂಲೆಯಲ್ಲಿ ಬಟ್ಟೆ ರಾಶಿಯ ಕೆಳಗೆ ಆ ಆಕಾರ ಕಂಡಾಗ ಎಲ್ಲ ಮರೆತೆ. ಕರಿ ಬಣ್ಣ. ಕೂತವರ ಕೈ ಸವರಿ ಸವರಿ ಅಂಚಿನಲ್ಲಿ ಬಣ್ಣ ಹೋಗಿ ಉಕ್ಕು ನುಣ್ಣಗೆ ಹೊಳೆಯುತ್ತಿತ್ತು. ತಂತಿ ತಂತಿ ಸೇರುವ ಕಡೆಯೆಲ್ಲ ಒಂದೊಂದು ಬೆಸುಗೆ. ಒಂದು ಬಿಟ್ಟುಹೋದರೆ ಪಕ್ಕದ್ದರ ಮೇಲೆ ಭಾರ ಬಿದ್ದು ಅದೂ ಸೀಳುತ್ತದೆ. ಬ್ಯಾಟರಿ ಹಿಡಿದು ಒಂದೊಂದನ್ನೂ ನೋಡಿದೆ. ಎರಡು ಕಡೆ ಬಿಟ್ಟಿತ್ತು. ಅಂಚಿನಲ್ಲಿ ಒಂದೇ ದಪ್ಪ ತಂತಿ. ಮೊದಮೊದಲ ಕುರ್ಚಿಗಳಲ್ಲಿ ಅಂಚಿಗೆ ಎರಡು ತೆಳು ತಂತಿ ಇರುತ್ತಿತ್ತಂತೆ. ಆ ಜೋಡಿ ತಂತಿಯ ಪೇಟೆಂಟ್ ಅಮೆರಿಕದ ಹೆಸರಾಂತ ವಿನ್ಯಾಸಕಾರರಾದ ಈಮ್ಸ್ ದಂಪತಿಯ ಕುರ್ಚಿಯದು ಅಂತ ತಕರಾರಾಗಿ, ನಾಲ್‌ನವರು ಒಂದೇ ದಪ್ಪ ತಂತಿಗೆ ಬದಲಾಯಿಸಿದರು. ಅಂದರೆ ನನ್ನದು ಆಮೇಲಿನದು. ಪರವಾಗಿಲ್ಲ ಅನ್ನಿಸಿತು.

ಅದನ್ನು ಮರಳು ಹೊಡೆಸಿ, ಪೌಡರ್ ಕೋಟಿಂಗ್ ಮಾಡಿಸಿ ಹೊಸದರ ಹಾಗೆ ಮಾಡಿಸಬೇಕು ಅಂತಿದ್ದೆ. ಹಿರಿಯರು ತಡೆದರು. "ಬೆಸುಗೆ ಸರಿಮಾಡು. ಬಣ್ಣ ಮುಟ್ಟಬೇಡ. ಆ ಹೆಂಗಸಿನ ಕೈ ಅಲ್ಲಿದೆ."

ಈ ಮಾತು ಕೇಳಿದ ಮೇಲೆ ನನಗೆ ಊರಿನ ಮೇಲೆ ಸಿಟ್ಟು ಶುರುವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಮನೆಯ ಜಗಲಿಯಲ್ಲಿ ಒಂದು ಕಬ್ಬಿಣದ ಕುರ್ಚಿ ಇದೆ. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ತಂದದ್ದು. ಬಗ್ಗಿಸಿದ ಪೈಪಿನ ಚೌಕಟ್ಟು, ಅದಕ್ಕೆ ಪ್ಲಾಸ್ಟಿಕ್ ವೈರಿನ ಹೆಣಿಗೆ. ನಿಮ್ಮ ಮನೆಯಲ್ಲೂ ಇದ್ದಿರಬೇಕು. ಪೈಪು ಹಿಂದಿನ ಕಾಲಿನಿಂದ ಎದ್ದು, ತೋಳಾಗಿ, ಮುಂದಿನ ಕಾಲಾಗಿ ಇಳಿಯುತ್ತದೆ. ಎಲ್ಲೂ ಕತ್ತರಿಸಿಲ್ಲ. ಒಂದೇ ಗೆರೆಯಲ್ಲಿ ಎಳೆದ ಚಿತ್ರದ ಹಾಗೆ. ಅದನ್ನು ಬಗ್ಗಿಸಿದವನು ಯಾವ ಕಲಾಶಾಲೆಯನ್ನೂ ನೋಡಿರಲಿಕ್ಕಿಲ್ಲ. ಆದರೆ ಇಲ್ಲಿನ ಪ್ರದರ್ಶನದಲ್ಲಿ ಒಂದು ಕಟ್ಟೆಯ ಮೇಲಿಟ್ಟು ಬೆಳಕು ಬಿಟ್ಟರೆ ಜನ ನಿಂತು ನೋಡುತ್ತಾರೆ. ನನಗೆ ಅನುಮಾನವೇ ಇಲ್ಲ.

ನಾವು ಏನು ಮಾಡಿದ್ದೇವೆ? ಆಯುಧಪೂಜೆ ಬಂತು, ಬಣ್ಣ ಹೊಡಿ. ಅಕ್ಕನ ಮದುವೆ ಬಂತು, ಬಣ್ಣ ಹೊಡಿ. ಗೇಟಿಗೆ ತಂದ ಬಣ್ಣ ಉಳಿಯಿತು, ಕುರ್ಚಿಗೆ ಹೊಡಿ. ಹೋದ ಸಲ ಹೋದಾಗ ಹಿಂದಿನ ಕಾಲಿನ ಹತ್ತಿರ ಒಂದು ಚಕ್ಕೆ ಎದ್ದಿತ್ತು. ಉಗುರಿನಲ್ಲಿ ಮೆಲ್ಲಗೆ ಎತ್ತಿದೆ. ಮೇಲೆ ಬೆಳ್ಳಿ ಬಣ್ಣ. ಅದರ ಕೆಳಗೆ ನೀಲಿ. ಅದರ ಕೆಳಗೆ ಇಟ್ಟಿಗೆ ಕೆಂಪು. ತೀರಾ ಕೆಳಗೆ, ಕಬ್ಬಿಣಕ್ಕೆ ಅಂಟಿಕೊಂಡು, ಎಳೆ ಹಸಿರು. ಆ ಹಸಿರನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಪ್ಪ ಆರಿಸಿ ತಂದ ಬಣ್ಣ ಅದು. ಅಪ್ಪ ಈಗ ಇಲ್ಲ.

ನಮ್ಮಲ್ಲಿ ವಸ್ತುವಿಗೆ ವಯಸ್ಸಾಗುವುದನ್ನು ಯಾರೂ ಸಹಿಸಲ್ಲ. ಮಾತಿನಲ್ಲೇ ಗೊತ್ತಾಗುತ್ತದೆ. ಇಲ್ಲಿನವರು ಪಾಟಿನಾ ಅನ್ನುತ್ತಾರೆ, ಮುದ್ದಾಗಿ, ಅಜ್ಜಿಯ ನೆರೆಗೂದಲಿನ ಬಗ್ಗೆ ಹೇಳುವ ಹಾಗೆ. ನಮ್ಮಲ್ಲಿ ಅದಕ್ಕೆ ಇರುವುದು ಕಿಲುಬು. ಕಿಲುಬು ಅಂದರೆ ಕೊಳೆ, ಕಿಲುಬು ಅಂದರೆ ಮನೆ ಹೆಂಗಸಿನ ಸೋಮಾರಿತನ. ಒಂದೋ ಬೆಳಗಬೇಕು, ಇಲ್ಲ ಗುಜರಿಗೆ ಹೋಗಬೇಕು. ನಡುವೆ ಜಾಗವೇ ಇಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಮನೆ ಕೆಡವಿದಾಗ ಇಂಥದೇ ಆರು ಕುರ್ಚಿ ತೂಕದ ಲೆಕ್ಕದಲ್ಲಿ ಹೋದವು. ಬೇಡ ಅನ್ನುವವರು ಒಬ್ಬರೂ ಇರಲಿಲ್ಲ.

ಚಂಡೀಗಢದಲ್ಲಿ ಆಗಿದ್ದೂ ಇದೇ ಅಲ್ವಾ? ಅವು ಲೋಹದ ಕುರ್ಚಿಗಳಲ್ಲ, ತೇಗದವು. ವಾಸ್ತುಶಿಲ್ಪಿ ಪಿಯರ್ ಜೆನ್ನರೆ ಅಲ್ಲಿನ ಕಚೇರಿ, ಕಾಲೇಜುಗಳಿಗೆ ಅಂತಲೇ ಮಾಡಿಸಿದ್ದು. ಕಾಲು ಮುರಿದವನ್ನೆಲ್ಲ ತಾರಸಿಯ ಮೇಲೆ ಒಟ್ಟಿ, ಹಳೇ ಸಾಮಾನು ಅಂತ ಹರಾಜು ಹಾಕಿದರು. ಹೊರದೇಶದ ವ್ಯಾಪಾರಿಗಳು ಕೊಂಡು ಹೋಗಿ ಯುರೋಪ್, ಅಮೆರಿಕದ ಹರಾಜುಗಳಲ್ಲಿ ದೊಡ್ಡ ಬೆಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಇನ್ನು ಮಾರಬೇಡಿ ಅಂತ ಆದೇಶ ಮಾಡುವಷ್ಟರಲ್ಲಿ ಎಷ್ಟೋ ಹೋಗಿಯಾಗಿತ್ತು.

ಇಷ್ಟನ್ನೂ ಒಂದು ದಿನ ಫೋನಿನಲ್ಲಿ ಅಮ್ಮನ ಹತ್ತಿರ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ. ಚೊಂಬನ್ನಾದರೂ ಒಂದು ವರ್ಷ ತಿಕ್ಕದೆ ಬಿಡು, ಎಂಥ ಬಣ್ಣ ಬರುತ್ತೆ ನೋಡು ಅಂದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಕಿಲುಬು ಹಿಡಿದ ಪಾತ್ರೇಲಿ ಹುಳಿ ಕುದಿಸಿ ನಿಂಗೆ ಬಡಿಸಿದ್ರೆ ನೀನು ಇಷ್ಟು ದೊಡ್ಡೋನಾಗ್ತಿದ್ಯಾ?" ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಿಲುಬು ವಿಷ. ಹುಳಿ ಸೇರಿದರೆ ತಾಮ್ರದ ಅಂಶ ಅನ್ನಕ್ಕೆ ಇಳಿಯುತ್ತದೆ. ಅದಕ್ಕೇ ಕಲಾಯಿ, ಅದಕ್ಕೇ ದಿನಾ ತಿಕ್ಕುವುದು. ನನ್ನ ಅಜ್ಜಿ, ಮುತ್ತಜ್ಜಿಯರು ಚೆಂದಕ್ಕೆ ತಿಕ್ಕಿದವರಲ್ಲ, ಮಕ್ಕಳು ಬದುಕಲಿ ಅಂತ ತಿಕ್ಕಿದವರು. ಬರೀ ನೋಡುವ ಮರವನ್ನು ಉಣ್ಣುವ ಪಾತ್ರೆಯ ಹಾಗೆ ತಿಕ್ಕಿದ್ದು ನನ್ನ ತಪ್ಪು. ಅದಕ್ಕೆ ಅವರನ್ನು ಬೈದದ್ದು ಇನ್ನೊಂದು ತಪ್ಪು.

ಬಣ್ಣದ ವಿಷಯದಲ್ಲೂ ಅಷ್ಟೇ. ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಗೊತ್ತಿರುವುದನ್ನು ಹೇಳಲೇಬೇಕು. ಜಗಲಿಯಲ್ಲಿ ಮಳೆ ಇರಚಲು ಹೊಡೆಯುವ ಕಡೆ ಇರುವ ಕಬ್ಬಿಣದ ಪೈಪು ಇಷ್ಟು ವರ್ಷ ಉಳಿದದ್ದು ಆ ಪದರಗಳಿಂದಲೇ. ಬಣ್ಣ ಹೊಡೆಯದಿದ್ದರೆ ಹಸಿರೂ ಇರುತ್ತಿರಲಿಲ್ಲ, ಕುರ್ಚಿಯೂ ಇರುತ್ತಿರಲಿಲ್ಲ. ಮೂರು ಸಲ ವೈರು ಹೆಣೆಸಿದ್ದಾರೆ. ಅಮ್ಮ ಈಗಲೂ ಅದರಲ್ಲೇ ಕೂತು ಅಕ್ಕಿ ಆರಿಸುತ್ತಾಳೆ.

ಇಲ್ಲಿ ಆ ಹಿರಿಯರ ಮನೆಗೆ ಒಂದು ಸಲ ಹೋಗಿದ್ದೆ. ನಾಲ್ಕು ಡೈಮಂಡ್ ಚೇರ್ ಇದ್ದವು. ನನ್ನ ಮಗಳು ಒಂದರ ಮೇಲೆ ಹತ್ತಲು ಹೋದಾಗ ಅವರು ಮೆಲ್ಲಗೆ ಎತ್ತಿ ಸೋಫಾದ ಮೇಲೆ ಕೂರಿಸಿದರು. ನಾವೆಲ್ಲ ಸೋಫಾದಲ್ಲೇ ಕೂತೆವು. ಬರ್ಟೋಯಾ ಕೊನೆಗಾಲದಲ್ಲಿ ಲೋಹದ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ ನಾದ ಹೊರಡಿಸುವ ಶಿಲ್ಪ ಮಾಡಿದ. ಕೈಯಲ್ಲಿ ಸವರಿದರೆ ಗಂಟೆಯ ಗುಂಗಿನ ಹಾಗೆ ಹೊಮ್ಮುತ್ತದೆ. ಕೊಟ್ಟಿಗೆಯೊಂದನ್ನು ಸರಿಮಾಡಿಸಿ, ಅವುಗಳ ನಡುವೆ ಓಡಾಡಿ, ಸವರಿ, ಆ ನಾದವನ್ನು ಧ್ವನಿಮುದ್ರಿಸಿ ರೆಕಾರ್ಡ್ ಕೂಡ ತಂದ. ಒಂದು ಮ್ಯೂಸಿಯಂನಲ್ಲಿ ಅಂಥದೊಂದನ್ನು ನೋಡಲು ಹೋದೆ. ಮುಟ್ಟಬೇಡಿ ಅಂತ ಫಲಕ ಇತ್ತು. ತುಂಬ ಹೊತ್ತು ಅದರ ಮುಂದೆ ನಿಂತಿದ್ದೆ. ಹಂಪಿಯಲ್ಲಿ ವಿಠ್ಠಲನ ಗುಡಿಯ ಸಂಗೀತದ ಕಂಬಗಳ ಮುಂದೆ ಕೈಕಟ್ಟಿ ನಿಂತಿದ್ದು ನೆನಪಾಯಿತು.

ಇನ್ನೊಂದು ವಿಷಯ. ಚಾರ್ಲ್ಸ್ ಮತ್ತು ರೇ ಈಮ್ಸ್ ಕೂಡ ಕ್ರ್ಯಾನ್‌ಬ್ರೂಕ್‌ನಲ್ಲಿದ್ದವರೇ. 1958ರಲ್ಲಿ ನಮ್ಮ ಸರ್ಕಾರ ಕರೆಸಿದಾಗ ಭಾರತ ಸುತ್ತಿ ಒಂದು ವರದಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರಿಂದಲೇ. ತಾವು ನೋಡಿ ಮೆಚ್ಚಿದ್ದರಲ್ಲೆಲ್ಲ ಬಹುಶಃ ತುಂಬ ಚೆಂದದ್ದು ಅಂತ ಅವರು ಆ ವರದಿಯಲ್ಲಿ ಹೊಗಳಿದ್ದು ಲೋಟಾವನ್ನು, ನಮ್ಮ ಚೊಂಬನ್ನು. ಅದನ್ನು ಸೊಂಟದ ಮೇಲೆ ಹೊರುವುದು, ನೀರು ಸುರಿಯುವುದು, ತೊಳೆಯುವುದು, ಎಲ್ಲವನ್ನೂ ಲೆಕ್ಕಕ್ಕೆ ತಗೊಂಡು ನೋಡಿದ್ದರು. ಕಪಾಟಿನಲ್ಲಿ ಕಪ್ಪಾಗಿ ಕೂತ ಚೊಂಬನ್ನಲ್ಲ. ನಮ್ಮೂರ ಉತ್ಸವಮೂರ್ತಿಯ ಮೂಗೂ ಕೆನ್ನೆಯೂ ತೊಳೆದು ತೊಳೆದೇ ಸವೆದು ನುಣ್ಣಗಾಗಿವೆ. ಆ ನುಣುಪಿಗೂ ನೂರಾರು ವರ್ಷ ಹಿಡಿದಿದೆ. ಅದನ್ನು ಸಂತೆಯ ಹಿರಿಯರಿಗೆ ಹೇಳಬೇಕು ಅಂತಿದ್ದೇನೆ.

ಆದರೂ ಆ ಆರು ಕುರ್ಚಿಗಳು ತೂಕಕ್ಕೆ ಹೋಗಬಾರದಿತ್ತು. ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಲೋಹದ ಮರ ಈಗ ನನ್ನ ಕಿಟಕಿಯಲ್ಲಿದೆ. ರೆಂಬೆಗಳ ತುಕ್ಕು ತೆಗೆದು ಮೇಣ ಸವರಿದ್ದೇನೆ. ಎಲೆಗಳನ್ನು ಮುಟ್ಟಿಲ್ಲ. ಗುಲಾಬಿ ಛಾಯೆ ಹೋಗಿ ತುದಿಗಳಲ್ಲಿ ಮತ್ತೆ ಸ್ವಲ್ಪ ಕಂದು ಬರುತ್ತಿದೆ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಹಬ್ಬಕ್ಕೆ ಮುಂಚೆ ಬಣ್ಣದವನು ಬರುತ್ತಾನಂತೆ. ಗೇಟು, ಕಿಟಕಿ ಸರಳು, ಜೊತೆಗೆ ಕುರ್ಚಿ. ನಾನು ಅಷ್ಟೆಲ್ಲ ಹೇಳಿದ್ದಕ್ಕೇ ಇರಬೇಕು, ಈ ಸಲ ಕೇಳಿದಳು. "ಯಾವ ಬಣ್ಣ ಹೊಡೆಸ್ಲಿ?"

ಎಳೆ ಹಸಿರು ಅಂದೆ.