ಸ್ವಲ್ಪ ತಿನ್ನೋದೋ, ಪೂರ್ತಿ ಬಿಡೋದೋ

ರಾತ್ರಿ ಹನ್ನೊಂದೂವರೆ. ಅಡುಗೆಮನೆಯ ದೀಪ ಹಾಕದೆ, ಹಜಾರದಿಂದ ಬರುವ ಬೆಳಕಿನಲ್ಲೇ ನಿಂತಿದ್ದೆ. ಕೈಯಲ್ಲಿ ಕ್ರೀಮ್ ಬಿಸ್ಕತ್ತಿನ ಪೊಟ್ಟಣ. ಅದೇ ಸಂಜೆ ಅದರ ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿದ್ದವಳು ನಾನೇ. ದಿನಕ್ಕೆ ಎರಡೇ ಅಂತ ನಿಯಮ. ಎರಡು ತಿಂದು, ಮಡಚಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಕೈಗೆ ಸುಲಭವಾಗಿ ಸಿಗದ ಹಾಗೆ ಮೇಲಿನ ಅರೆಯಲ್ಲಿ ಇಟ್ಟಿದ್ದೆ. ಈಗ ಕುರ್ಚಿ ಹಾಕಿಕೊಂಡು ಇಳಿಸಿದ್ದೂ ಆಗಿತ್ತು. ಬಿಚ್ಚಿದ ರಬ್ಬರ್ ಬ್ಯಾಂಡ್ ಎಲ್ಲಿಡೋದು ಅಂತ ಗೊತ್ತಾಗದೆ ಮಣಿಕಟ್ಟಿಗೆ ಹಾಕಿಕೊಂಡೆ. ಪೊಟ್ಟಣದ ಸದ್ದು ಕೇಳಿಸಬಾರದು ಅಂತ ಒಂದೊಂದೇ ಬಿಸ್ಕತ್ತನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ತೆಗೆದೆ. ಬೆಳಿಗ್ಗೆ ಎದ್ದಾಗ ರಬ್ಬರ್ ಬ್ಯಾಂಡ್ ಇನ್ನೂ ಮಣಿಕಟ್ಟಿನಲ್ಲೇ ಇತ್ತು. ಅದರ ಕೆಳಗೆ ಕೆಂಪು ಗೆರೆ.

ಆ ಗೆರೆ ನೋಡುತ್ತಾ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ರಾತ್ರಿ ನನಗೆ ಹಸಿವೇ ಇರಲಿಲ್ಲ. ಊಟ ಹೊಟ್ಟೆ ತುಂಬ ಆಗಿತ್ತು. ಸಂಜೆ ಆ ಎರಡು ಬಿಸ್ಕತ್ತು ತಿನ್ನದೇ ಇದ್ದಿದ್ದರೆ ಹನ್ನೊಂದೂವರೆಗೆ ಎದ್ದು ಬರುತ್ತಲೇ ಇರಲಿಲ್ಲ.

ತೂಕ ಇಳಿಸುವ ಮಾತು ಬಂದರೆ ಸಾಕು, ಜನ ಎರಡು ಪಂಗಡ ಆಗುತ್ತಾರೆ. ಒಬ್ಬರು, ಯಾವುದನ್ನೂ ಬಿಡಬೇಡಿ, ಎಲ್ಲಾ ತಿನ್ನಿ, ಆದರೆ ಮಿತವಾಗಿ ತಿನ್ನಿ ಅನ್ನುತ್ತಾರೆ. ಇನ್ನೊಬ್ಬರು ಸಕ್ಕರೆ ಬಿಡಿ, ಅನ್ನ ಬಿಡಿ, ಏಳು ಗಂಟೆ ಮೇಲೆ ಬಾಯಿಗೆ ಬೀಗ ಹಾಕಿ ಅನ್ನುತ್ತಾರೆ. ನಾನು ಎರಡೂ ಕಡೆ ಪೂರ್ತಿ ನಂಬಿಕೆ ಇಟ್ಟು ಇದ್ದು ಬಂದವಳು. ಈಗ ನನಗನ್ನಿಸೋದು ಇಷ್ಟು: ಊಟದಲ್ಲಿ ಕಟ್ಟುನಿಟ್ಟು ಮಾಡಬಾರದು, ಅಲ್ಲಿ ಮಿತವೇ ಸರಿ. ಆದರೆ ನಮ್ಮ ಹಿಡಿತಕ್ಕೆ ಸಿಗದ ಎರಡು ಮೂರು ತಿನಿಸು ಪ್ರತಿಯೊಬ್ಬರಿಗೂ ಇರುತ್ತವಲ್ಲ, ಅವುಗಳ ಜೊತೆ ಮಿತ ಅಂತ ಗುದ್ದಾಡುವುದು ಸುಮ್ನೆ ಕಷ್ಟ. ಅವನ್ನು ಬಿಟ್ಟುಬಿಡುವುದೇ ಹಗುರ.

ಮೊದಲು ಕಟ್ಟುನಿಟ್ಟಿನ ಕಥೆ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಪೆಟ್ಟು ತಿಂದದ್ದು ಅಲ್ಲೇ. ನಾಲ್ಕು ವರ್ಷದ ಹಿಂದೆ ನನ್ನ ತೂಕ 78 ಕೆಜಿ. ಮೂರು ತಿಂಗಳು ಅನ್ನ ಮುಟ್ಟಲಿಲ್ಲ, ಬ್ರೆಡ್ ಮುಟ್ಟಲಿಲ್ಲ, ಸಿಹಿ, ಕರಿದದ್ದು, ಆಲೂಗಡ್ಡೆ, ಬಾಳೆಹಣ್ಣು ಯಾವುದೂ ಇಲ್ಲ. ಫೋನಿನ ಆ್ಯಪ್ ದಿನಕ್ಕೆ 1,200 ಕ್ಯಾಲೊರಿ ಅಂತ ಹೇಳಿತ್ತು, ನಾನು 1,100ಕ್ಕೆ ನಿಲ್ಲಿಸಿ ಖುಷಿಪಡುತ್ತಿದ್ದೆ. 69ಕ್ಕೆ ಇಳಿದೆ. ಎಲ್ಲರೂ ಹೊಗಳಿದರು. ಆದರೆ ಆ ಮೂರು ತಿಂಗಳಲ್ಲಿ ನನ್ನ ತಲೆಯೊಳಗೆ ಊಟ ಬಿಟ್ಟು ಬೇರೇನೂ ಇರಲಿಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ರಾತ್ರಿ ಮಲಗುವಾಗ ಅಡುಗೆ ವಿಡಿಯೊ ನೋಡುತ್ತಿದ್ದೆ, ಒಂದಾದ ಮೇಲೆ ಒಂದು, ನಾನು ಮಾಡಲೂ ಹೋಗದ ಅಡುಗೆಗಳದ್ದು. ಒಂದು ವರ್ಷ ಕಳೆಯುವ ಹೊತ್ತಿಗೆ 80 ಕೆಜಿ. ಹೋದದ್ದು ಒಂಬತ್ತು, ಬಂದದ್ದು ಹನ್ನೊಂದು.

ಆಗ ನನ್ನನ್ನು ನಾನು ಎಷ್ಟು ಬೈದುಕೊಂಡೆ ಅಂದರೆ, ಈಗ ನೆನೆಸಿಕೊಂಡರೆ ಪಾಪ ಅನ್ನಿಸುತ್ತದೆ. ಆಮೇಲೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಓದಿದೆ. ಎರಡನೇ ಮಹಾಯುದ್ಧದ ಕೊನೆಯ ದಿನಗಳು, 1944-45. ಯುದ್ಧದಲ್ಲಿ ಹಸಿದ ಜನರಿಗೆ ಮತ್ತೆ ಹೇಗೆ ಉಣ್ಣಿಸಬೇಕು ಅಂತ ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರಿಸಿಕೊಂಡರು. ಎಲ್ಲರೂ ಆರೋಗ್ಯವಂತರು, ಯುದ್ಧಕ್ಕೆ ಹೋಗಲು ಮನಸ್ಸೊಪ್ಪದೆ ಇದಕ್ಕೆ ತಾವಾಗಿಯೇ ಮುಂದೆ ಬಂದವರು. 24 ವಾರ ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ, ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಹೆಚ್ಚುಕಮ್ಮಿ ಕಾಲು ಭಾಗ ತೂಕ ಇಳಿಯಿತು. ಮನಸ್ಸಿಗೆ ಏನಾಯಿತು ನೋಡಿ. ತಟ್ಟೆ ನೆಕ್ಕಿದರು. ಅಡುಗೆ ಪುಸ್ತಕ ಸಂಗ್ರಹಿಸಲು ಶುರುಮಾಡಿದರು! ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದಿದ್ದ ಗಂಡಸರು. ಪ್ರಯೋಗ ಮುಗಿದ ಮೇಲೆ ಕೆಲವರು ಹೊಟ್ಟೆ ಬಿರಿಯುವಷ್ಟು ಉಂಡರೂ ಹಸಿವು ಹೋಗಲಿಲ್ಲ ಅಂದರು.

ಇದನ್ನು ಓದಿ ನಾನು ಫೋನ್ ಕೆಳಗಿಟ್ಟು ಸುಮಾರು ಹೊತ್ತು ಸುಮ್ಮನಿದ್ದೆ. ನನ್ನ ಅಡುಗೆ ವಿಡಿಯೊಗಳು! ಅದು ನನ್ನ ದೌರ್ಬಲ್ಯ ಆಗಿರಲಿಲ್ಲ, ಹಸಿದ ದೇಹ ಮಾಡುವ ಕೆಲಸ ಅದು. ಮತ್ತೆ ನೋಡಿ, ಅರೆಹೊಟ್ಟೆ ಅಂತ ವಿಜ್ಞಾನಿಗಳು ಕರೆದ ಆ ಪ್ರಯೋಗದಲ್ಲಿ ಕೊಟ್ಟದ್ದು 1,570. ನನ್ನ ಆ್ಯಪ್ ಕೊಟ್ಟದ್ದು 1,200. ಅವರು ಗಂಡಸರು, ಜಾಸ್ತಿ ನಡೆಯುತ್ತಿದ್ದರು, ಒಪ್ಪುತ್ತೇನೆ, ಲೆಕ್ಕ ಒಂದೇ ಅಲ್ಲ. ಆದರೂ ಅಷ್ಟು ಕಮ್ಮಿ ತಿಂದು ನಗುನಗುತ್ತಾ ಇರಬೇಕು ಅಂತ ನಮಗೆ ಹೇಳುವವರು ಒಂದು ಸಲ ಯೋಚಿಸಬೇಕು ಅಲ್ವಾ?

ತೂಕ ಇಳಿದ ಮೇಲೂ ದೇಹ ಬೇಗ ಮರೆಯುವುದಿಲ್ಲ. ಕೊಬ್ಬು ಕರಗಿದ ಹಾಗೆ ಹಸಿವು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನ್ ಕಮ್ಮಿಯಾಗುತ್ತದೆ, ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 50 ಜನರಿಗೆ ಹತ್ತು ವಾರ ತುಂಬಾ ಕಮ್ಮಿ ಆಹಾರ ಕೊಟ್ಟು ತೂಕ ಇಳಿಸಿ, ಒಂದು ವರ್ಷ ಬಿಟ್ಟು ರಕ್ತ ಪರೀಕ್ಷೆ ಮಾಡಿದಾಗಲೂ ಈ ಹಾರ್ಮೋನ್‌ಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. 2011ರಲ್ಲಿ ಪ್ರಕಟವಾದದ್ದು. ಹಾಗಾಗಿ ತೂಕ ವಾಪಸ್ ಬಂದವರನ್ನು ನೋಡಿ "ನಾಲಿಗೆ ಮೇಲೆ ಹಿಡಿತ ಇಲ್ಲ" ಅನ್ನುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಆಮೇಲೆ ನಾನು ಇನ್ನೊಂದು ಪಂಗಡಕ್ಕೆ ಹಾರಿದೆ. ಎಲ್ಲವನ್ನೂ ತಿನ್ನು, ಮಿತವಾಗಿ ತಿನ್ನು. ಅತಿಯಾದರೆ ಅಮೃತವೂ ವಿಷ ಅಂತ ನಮ್ಮ ಹಿರಿಯರು ಹೇಳಿದ್ದಾರೆ, ತಪ್ಪೇನಿದೆ? ಊಟಕ್ಕೆ ಇದು ತುಂಬಾ ಚೆನ್ನಾಗಿ ಹೊಂದಿತು. ಅನ್ನ ಮತ್ತೆ ತಟ್ಟೆಗೆ ಬಂತು. ಮೊದಲು ಅರ್ಧ ತಟ್ಟೆ ತರಕಾರಿ ಹಾಕಿಕೊಳ್ಳುತ್ತೇನೆ, ಆಮೇಲೆ ಉಳಿದದ್ದು. ಪಾತ್ರೆಗಳನ್ನು ಊಟದ ಮೇಜಿಗೆ ತರುವುದಿಲ್ಲ, ಒಲೆಯ ಹತ್ತಿರವೇ ಬಿಡುತ್ತೇನೆ. ಎರಡನೇ ಸಲ ಬೇಕಾದರೆ ಎದ್ದು ಹೋಗಿ ಹಾಕಿಕೊಳ್ಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಹತ್ತರಲ್ಲಿ ಏಳು ಸಲ ಎದ್ದು ಹೋಗಬೇಕು ಅನ್ನಿಸುವುದೇ ಇಲ್ಲ. ಹಸಿದುಕೊಂಡು ಮಲಗುವ ರಾತ್ರಿಗಳು ನಿಂತವು, ಅಡುಗೆ ವಿಡಿಯೊ ನೋಡುವ ಚಟ ಹೇಳದೆ ಕೇಳದೆ ಬಿಟ್ಟುಹೋಯಿತು.

ಆದರೆ ಬಿಸ್ಕತ್ತು? ಚಿಪ್ಸ್? ಉಪ್ಪು ಹಾಕಿ ಹುರಿದ ಗೋಡಂಬಿ? ಅಲ್ಲಿ ಮಿತ ನಡೆಯಲೇ ಇಲ್ಲ. ಒಂದು ಕ್ರೀಮ್ ಬಿಸ್ಕತ್ತಿನಲ್ಲಿ ಸುಮಾರು 50 ಕ್ಯಾಲೊರಿ ಅಂತಿಟ್ಟುಕೊಳ್ಳಿ. ಎರಡು ಅಂದರೆ ನೂರು, ಅದೇನು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಯಾವುದು ಅಂದರೆ, ಆ ಎರಡು ಮುಗಿದ ಮೇಲೆ ಮೂರನೆಯದರ ಬಗ್ಗೆ ನಡೆಯುವ ವಾದ. ಟಿವಿ ನೋಡುವಾಗ, ಪಾತ್ರೆ ತೊಳೆಯುವಾಗ, ಫೋನಿನಲ್ಲಿ ಮಾತಾಡುವಾಗ, ಮನಸ್ಸಿನ ಒಂದು ಮೂಲೆಯಲ್ಲಿ ಆ ಡಬ್ಬಿ ಕೂತಿರುತ್ತದೆ. ಬೇಡ ಅಂತ ಒಂದು ಸಲ ಹೇಳಿದರೆ ಸಾಲದು, ಸಂಜೆಯೆಲ್ಲಾ ಇಪ್ಪತ್ತು ಸಲ ಹೇಳಬೇಕು. ಹತ್ತೊಂಬತ್ತು ಸಲ ಗೆದ್ದು ಇಪ್ಪತ್ತನೇ ಸಲ ಸೋತರೂ ಪೊಟ್ಟಣ ಖಾಲಿ. 18ನೇ ಶತಮಾನದಲ್ಲಿ ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಮದ್ಯದ ಬಗ್ಗೆ ಇದೇ ಅರ್ಥದ ಮಾತು ಹೇಳಿದ್ದರಂತೆ: ಸ್ವಲ್ಪ ಕುಡಿಯುವುದು ನನ್ನಿಂದ ಆಗದು, ಅದಕ್ಕೇ ಮುಟ್ಟುವುದಿಲ್ಲ. ಎಷ್ಟು ನೆಮ್ಮದಿಯ ಮಾತು ಅನ್ನಿಸಿತು ನನಗೆ.

ಮತ್ತೆ ಈ ತಿನಿಸುಗಳನ್ನು ಮಾಡುವುದೇ ಹಾಗೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ನಾಲ್ಕು ವಾರ ಒಳಗೇ ಇಟ್ಟುಕೊಂಡು ಪರೀಕ್ಷೆ ಮಾಡಿದರು, 2019ರಲ್ಲಿ ಫಲಿತಾಂಶ ಬಂತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ಆಹಾರ, ಎರಡು ವಾರ ಸಾದಾ ಆಹಾರ. ಎರಡರಲ್ಲೂ ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ. ಎಷ್ಟು ಬೇಕಾದರೂ ತಿನ್ನಿ ಅಂದರು. ಪೊಟ್ಟಣದ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಒಂದು ಕೆಜಿಯ ಹತ್ತಿರ ತೂಕ ಏರಿತು. ಸಾದಾ ಆಹಾರದ ವಾರಗಳಲ್ಲಿ ಅಷ್ಟೇ ಇಳಿಯಿತು. ಜನ ಅವರೇ, ಮನಸ್ಸಿನ ಗಟ್ಟಿತನ ಅಷ್ಟೇ, ಬದಲಾದದ್ದು ತಟ್ಟೆಯಲ್ಲಿದ್ದದ್ದು. ಹಾಗಿರುವಾಗ ಬಿಸ್ಕತ್ತಿನ ಪೊಟ್ಟಣ ಮುಂದಿಟ್ಟು "ಮಿತವಾಗಿ ತಿನ್ನು" ಅಂತ ಬುದ್ಧಿ ಹೇಳುವುದು ನ್ಯಾಯವಾ?

ಈಗ ಒಂದು ಪ್ರಶ್ನೆ ಬರಬೇಕು, ನನಗೂ ಬಂದಿತ್ತು. ನಿಷೇಧ ಹಾಕಿದರೆ ಆಸೆ ಜಾಸ್ತಿ ಆಗುವುದಿಲ್ಲವಾ? ಆಗುತ್ತದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಿ ಹೇಳಿ ಅಂತ ಕೊಟ್ಟರು. ಪಥ್ಯದ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಮ್ಮಿ ತಿಂದರು, ಅದು ಸಹಜ. ಪಥ್ಯದಲ್ಲಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ಹೇಗೂ ಇವತ್ತಿನದು ಕೆಟ್ಟಿತು, ಇನ್ನು ನಾಳೆಯಿಂದ ನೋಡೋಣ ಅಂತ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು! ಈ ಮಾತು ಹೇಳಿಕೊಂಡು ನಾನು ಎಷ್ಟು ರಾತ್ರಿ ಕಳೆದಿದ್ದೇನೋ.

ಅದಕ್ಕೇ ನನ್ನ ಪಟ್ಟಿಯಲ್ಲಿ ಇರುವುದು ಮೂರೇ. ಕ್ರೀಮ್ ಬಿಸ್ಕತ್ತು, ಚಿಪ್ಸ್, ಉಪ್ಪಿನ ಗೋಡಂಬಿ. ನಾಲ್ಕನೆಯದು ಸೇರಿಸಬೇಕು ಅನ್ನಿಸಿದರೆ ಮೂರರಲ್ಲಿ ಒಂದನ್ನು ತೆಗೆಯಬೇಕು. ಪಟ್ಟಿ ಬೆಳೆದರೆ ಅದು ಮತ್ತೆ ಹಳೆಯ ಮೂರು ತಿಂಗಳೇ ಆಗಿಬಿಡುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಪಟ್ಟಿಗೆ ಸೇರಿಸುವುದಕ್ಕೂ ಒಂದು ಪರೀಕ್ಷೆ ಇದೆ. ಅರ್ಧ ಪೊಟ್ಟಣ ಮನೆಯಲ್ಲಿಟ್ಟು ಅದನ್ನು ಮರೆಯುವುದು ನನ್ನಿಂದ ಆಗುತ್ತದಾ? ಚಾಕೊಲೇಟ್ ಮರೆತೇಹೋಗುತ್ತದೆ, ತಿಂಗಳ ಹಿಂದಿನದು ಫ್ರಿಜ್‌ನಲ್ಲಿ ಇನ್ನೂ ಇದೆ. ಹಾಗಾಗಿ ಅದನ್ನು ಬಿಡುವ ಅಗತ್ಯವೇ ಇಲ್ಲ, ಬೇಕಾದಾಗ ಒಂದು ಚೂರು ತಿನ್ನುತ್ತೇನೆ. ನನ್ನ ಅಕ್ಕನಿಗೆ ಇದು ಪೂರ್ತಿ ಉಲ್ಟಾ. ಅವಳು ಎರಡು ಬಿಸ್ಕತ್ತು ತಿಂದು ಪೊಟ್ಟಣ ಎತ್ತಿಡುತ್ತಾಳೆ, ಚಾಕೊಲೇಟ್ ಮಾತ್ರ ಕಣ್ಣಿಗೆ ಬೀಳಬಾರದು.

ಪಟ್ಟಿಯಲ್ಲಿದ್ದದ್ದನ್ನು ಎಲ್ಲೋ ತಿಂದೆ ಅಂತಿಟ್ಟುಕೊಳ್ಳಿ. ತಿಂದೆ, ಅಷ್ಟೇ. ಮುಂದಿನ ಊಟ ಎಂದಿನಂತೆ. ಪರಿಹಾರ ಅಂತ ರಾತ್ರಿ ಊಟ ಬಿಡುವುದಿಲ್ಲ. ಇದನ್ನು ಕಲಿಯಲು ನನಗೆ ತುಂಬಾ ದಿನ ಹಿಡಿಯಿತು, ಬಿಸ್ಕತ್ತು ಬಿಟ್ಟದ್ದಕ್ಕಿಂತ ಜಾಸ್ತಿ ದಿನ. ಜರ್ಮನಿಯ ಸಂಶೋಧಕ ವೆಸ್ಟನ್‌ಹೋಫರ್ 1991ರಲ್ಲೇ ಈ ವ್ಯತ್ಯಾಸ ತೋರಿಸಿದ್ದರು, ಬಿಗಿಯಾದ ಹಿಡಿತ ಬೇರೆ, ಬಾಗುವ ಹಿಡಿತ ಬೇರೆ ಅಂತ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ ಅನ್ನುವವರು ಹಿಡಿತ ತಪ್ಪಿದಾಗ ಜಾಸ್ತಿ ತಿನ್ನುತ್ತಾರೆ, ಬಾಗುವವರು ಅಷ್ಟು ತಿನ್ನುವುದಿಲ್ಲ.

ಜನರ ನಡುವಿನ ಒತ್ತಾಯ ಮಾತ್ರ ಇನ್ನೂ ಕಷ್ಟವೇ. ಅಕ್ಕನ ಮನೆಗೆ ಹೋದಾಗಲೆಲ್ಲಾ "ಒಂದೇ ಒಂದು ತಗೊಳ್ಳೇ, ಒಂದಕ್ಕೆ ಏನಾಗತ್ತೆ?" ಅನ್ನುತ್ತಿದ್ದಳು. ಮೊದಲು ನಾನು "ನಾನು ತಿನ್ನೋ ಹಾಗಿಲ್ಲ ಅಕ್ಕ" ಅನ್ನುತ್ತಿದ್ದೆ. ಯಾರು ಹೇಳಿದ್ದು, ಡಾಕ್ಟರ್ ಹೇಳಿದರಾ, ಯಾವಾಗಿನಿಂದ, ಅಂತ ಶುರು. ಈಗ "ನಾನು ಅದನ್ನ ತಿನ್ನಲ್ಲ ಅಕ್ಕ, ಹಣ್ಣಿದ್ರೆ ಕೊಡು" ಅನ್ನುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ. ಹಣ್ಣು ಹೆಚ್ಚಿಕೊಡುತ್ತಾಳೆ.

ಇದೇ ಸರಿ, ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿತು, ಒಬ್ಬರಿಗೆ ಕೊಬ್ಬು ಕಮ್ಮಿ, ಇನ್ನೊಬ್ಬರಿಗೆ ಪಿಷ್ಟ ಕಮ್ಮಿ. 2018ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನಲ್ಲಿ ಸರಾಸರಿ ಐದಾರು ಕೆಜಿ ಇಳಿಯಿತು, ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಆದರೆ ಒಂದೇ ಗುಂಪಿನೊಳಗೆ ಒಬ್ಬರು ಇಪ್ಪತ್ತು ಕೆಜಿಗೂ ಜಾಸ್ತಿ ಇಳಿದರೆ ಇನ್ನೊಬ್ಬರು ಏರಿದರು. ನನಗೆ ಇಷ್ಟವಾದದ್ದು ಇನ್ನೊಂದು: ಎರಡೂ ಗುಂಪಿಗೆ ಕ್ಯಾಲೊರಿ ಲೆಕ್ಕದ ಕಟ್ಟು ಹಾಕಿರಲಿಲ್ಲ. ಸಕ್ಕರೆ, ಮೈದಾ ಆದಷ್ಟು ಬಿಡಿ, ತರಕಾರಿ ಜಾಸ್ತಿ ತಿನ್ನಿ ಅಂತ ಇಬ್ಬರಿಗೂ ಹೇಳಿದ್ದರು. ಸಣ್ಣ ಪಟ್ಟಿಯ ನಿಷೇಧ, ಊಟಕ್ಕೆ ಧಾರಾಳ. ನಾನು ಪೆಟ್ಟು ತಿಂದು ಕಂಡುಕೊಂಡದ್ದಕ್ಕೆ ಇದು ಎಷ್ಟು ಹತ್ತಿರ!

ಒಂದು ಮಾತು ಮಾತ್ರ ದಯವಿಟ್ಟು ಗಮನಿಸಿ. ಊಟ ಬಿಟ್ಟು ಬಿಟ್ಟು ಇರುವುದು, ಮಿತಿಮೀರಿ ತಿಂದು ವಾಂತಿ ಮಾಡುವುದು, ತಿಂದದ್ದಕ್ಕೆ ತನ್ನನ್ನೇ ಶಿಕ್ಷಿಸಿಕೊಳ್ಳುವುದು, ಇವು ಯಾರಿಗಾದರೂ ಇದ್ದರೆ ಯಾವ ಪಟ್ಟಿಯೂ ಬೇಡ, ಮೂರರದ್ದೂ ಬೇಡ. ವೈದ್ಯರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಮ್ಮಿ ಮಾಡಬೇಡಿ, ಸಕ್ಕರೆ ಮಟ್ಟ ಇದ್ದಕ್ಕಿದ್ದಂತೆ ಕುಸಿಯಬಹುದು.

ಈಗ ನಾನು 71 ಕೆಜಿ. ಎರಡು ವರ್ಷದಿಂದ ಒಂದೆರಡು ಕೆಜಿ ಆಚೀಚೆ ಅಲ್ಲೇ ಇದ್ದೇನೆ. ಮೇಲಿನ ಅರೆಯ ಆ ಡಬ್ಬಿಯಲ್ಲಿ ಈಗ ಹೊಲಿಗೆಯ ದಾರ, ಸೂಜಿ ಇವೆ. ಐಸ್‌ಕ್ರೀಮ್ ಯಾವ ಕಡೆಗೆ ಸೇರಬೇಕು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಹೊರಗೆ ಹೋದಾಗ ಒಂದು ಕಪ್ ತಿಂದರೆ ಅಲ್ಲಿಗೇ ಮರೆತುಹೋಗುತ್ತದೆ. ಮನೆಗೆ ದೊಡ್ಡ ಡಬ್ಬ ತಂದ ದಿನ ಹಾಗಾಗಲಿಲ್ಲ, ರಾತ್ರಿ ಚಮಚ ಹಿಡಿದು ಫ್ರೀಜರ್ ಮುಂದೆ ನಿಂತಿದ್ದೆ. ಸದ್ಯಕ್ಕೆ ಹೊರಗೆ ಮಾತ್ರ ಅಂತ ಇಟ್ಟುಕೊಂಡಿದ್ದೇನೆ.