ಒಂದೇ ಪಟ್ಟಿಗೆ ಕೈಯೆತ್ತುವ ಸಮ್ಮೇಳನಗಳು

ಅಮೆರಿಕದಲ್ಲಿ ಓದುತ್ತಿದ್ದ ಕಾಲದಲ್ಲಿ ಅಲ್ಲಿನ ಒಂದು ಚಿಕ್ಕ ಸಮಾಜವಾದಿ ಪಕ್ಷದ ಸ್ಥಳೀಯ ಘಟಕದಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ನಾವಿದ್ದದ್ದು ಹದಿನಾಲ್ಕು ಮಂದಿ. ವಾರಕ್ಕೊಮ್ಮೆ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಭೆ, ಶನಿವಾರ ಬೆಳಿಗ್ಗೆ ದಿನಸಿ ಅಂಗಡಿಯ ಮುಂದೆ ಪತ್ರಿಕೆ ಮಾರಾಟ, ಸಂಜೆ ಎಷ್ಟು ಪ್ರತಿ ಹೋಯಿತು, ಎಷ್ಟು ಜನರ ಫೋನ್ ನಂಬರ್ ಸಿಕ್ಕಿತು ಎಂದು ಕೇಂದ್ರ ಕಚೇರಿಗೆ ವರದಿ. ಹಿಮ ಬೀಳುವಾಗ ಕೈಗವಸು ಕಳಚಿ ಚಿಲ್ಲರೆ ಎಣಿಸಿದ ಆ ಬೆಳಗುಗಳ ಬಗ್ಗೆ ನನಗೆ ಇಂದಿಗೂ ಬೇಸರವಿಲ್ಲ. ನೋವಾದದ್ದು ಸಮ್ಮೇಳನದಲ್ಲಿ.

ಅಲ್ಲಿ ಪಕ್ಷವನ್ನು ಮುನ್ನಡೆಸಿ ನಿರ್ಗಮಿಸುವ ಸಮಿತಿಯೇ ಮುಂದಿನ ಸಮಿತಿಯ ಪಟ್ಟಿಯನ್ನು ಸಿದ್ಧಪಡಿಸುತ್ತಿತ್ತು. ಒಂದು ಹೆಸರು ಒಪ್ಪಿಗೆಯಾಗದಿದ್ದರೆ ಅದೊಂದನ್ನೇ ವಿರೋಧಿಸುವಂತಿರಲಿಲ್ಲ, ಇಡೀ ಪಟ್ಟಿಗೆ ಎದುರಾಗಿ ಮತ್ತೊಂದು ಪೂರ್ಣ ಪಟ್ಟಿಯನ್ನೇ ತರಬೇಕಿತ್ತು. ನಮ್ಮ ಘಟಕದ ಹಿರಿಯ ನರ್ಸ್ ಒಬ್ಬರು ಎದ್ದು ನಿಂತು, ಇಷ್ಟು ವರ್ಷಗಳಿಂದ ಇವರೇ ಏಕೆ ಎಂದು ಕೇಳಿದರು. ಉತ್ತರ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ಅವರ ಮೇಜಿನಲ್ಲಿ ಯಾರೂ ಕೂರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ನಾನೂ ಎದ್ದು ಅವರ ಬಳಿ ಹೋಗಲಿಲ್ಲ.

ಇದು ಒಂದು ಪಕ್ಷದ ಕಥೆಯಷ್ಟೇ ಅಲ್ಲ. ರಷ್ಯಾದಲ್ಲಿ ಅಂತರ್ಯುದ್ಧದಿಂದ ದೇಶ ಜರ್ಜರಿತವಾಗಿದ್ದ 1921ರಲ್ಲಿ ಬೋಲ್ಶೆವಿಕ್ ಪಕ್ಷವು ಒಳಬಣಗಳನ್ನು ನಿಷೇಧಿಸಿತು. ಲಕ್ಷಾಂತರ ಸದಸ್ಯರ ಆಡಳಿತ ಪಕ್ಷವೊಂದು ಬಿಕ್ಕಟ್ಟಿನಲ್ಲಿ ಹಿಡಿದ ಆ ದಾರಿಯ ಛಾಯೆ, ಕೆಲವೇ ನೂರು ಜನರ ಸಂಘಟನೆಗಳ ಮೇಲೂ ಬಿದ್ದಿದೆ. ಅಮೆರಿಕದಲ್ಲಿ 1938ರಲ್ಲಿ ಸ್ಥಾಪನೆಯಾದ ಸೋಷಿಯಲಿಸ್ಟ್ ವರ್ಕರ್ಸ್ ಪಾರ್ಟಿ 1940ರಲ್ಲೇ ಒಡೆಯಿತು. 1978ರಲ್ಲಿ ಅದು ತನ್ನ ಸದಸ್ಯರನ್ನು ಕಾರ್ಖಾನೆ, ಗಣಿ, ರೈಲ್ವೆಗಳಲ್ಲಿ ಕೆಲಸಕ್ಕೆ ಸೇರುವಂತೆ ಹುರಿದುಂಬಿಸಿತು, ಎಷ್ಟೋ ಜನ ಇದ್ದ ಉದ್ಯೋಗ ಬಿಟ್ಟು ಹೋದರು. ಎಂಬತ್ತರ ದಶಕದ ಮೊದಲಲ್ಲಿ ನಾಯಕತ್ವದ ನಿಲುವನ್ನು ಪ್ರಶ್ನಿಸಿದವರನ್ನು ಉಚ್ಚಾಟಿಸಲಾಯಿತು. 1972ರಲ್ಲಿ ರಾಷ್ಟ್ರೀಯ ಕಾರ್ಯದರ್ಶಿಯಾದ ಜ್ಯಾಕ್ ಬಾರ್ನ್ಸ್ ಅರ್ಧ ಶತಮಾನದ ನಂತರವೂ ಅದೇ ಹುದ್ದೆಯಲ್ಲಿದ್ದರು.

ಅಮೆರಿಕದ್ದೇ ಇನ್ನೊಂದು ಸಂಘಟನೆಯಾದ ಇಂಟರ್‌ನ್ಯಾಷನಲ್ ಸೋಷಿಯಲಿಸ್ಟ್ ಆರ್ಗನೈಸೇಶನ್‌ನ ಅಂತ್ಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. 2013ರಲ್ಲಿ ಸದಸ್ಯನೊಬ್ಬನ ಮೇಲೆ ಅತ್ಯಾಚಾರದ ಆರೋಪ ಬಂದಾಗ ಅಂದಿನ ನಾಯಕತ್ವವು ಶಿಸ್ತು ಸಮಿತಿಯ ವಿಚಾರಣೆಯಲ್ಲಿ ಕೈಹಾಕಿತು, ಆರೋಪಿ ಸಂಘಟನೆಯಲ್ಲೇ ಉಳಿದ. ಬಹುಪಾಲು ಸದಸ್ಯರಿಗೆ ಇದು ತಿಳಿದದ್ದು ಆರು ವರ್ಷಗಳ ಬಳಿಕ, 2019ರಲ್ಲಿ, ಅದೂ ಹಳೆಯ ನಾಯಕತ್ವವನ್ನು ಸಮ್ಮೇಳನ ಆಗತಾನೇ ಬದಲಿಸಿದ್ದಾಗ. ಕೆಲವೇ ವಾರಗಳಲ್ಲಿ ಸದಸ್ಯರು ಮತ ಹಾಕಿ ಸಂಘಟನೆಯನ್ನೇ ವಿಸರ್ಜಿಸಿದರು. ಮಹಿಳಾ ವಿಮೋಚನೆಯ ಬಗ್ಗೆ ಅಷ್ಟು ಬರೆದವರು, ಅಷ್ಟು ಮಾತನಾಡಿದವರು, ದೂರು ತಮ್ಮ ಮನೆಯೊಳಗಿನಿಂದ ಬಂದಾಗ ಸಂಘಟನೆಯ ಹೆಸರನ್ನು ಕಾಯಲು ನಿಂತರು. ಇದಕ್ಕೆ ವ್ಯಕ್ತಿಗಳ ದೌರ್ಬಲ್ಯವಷ್ಟೇ ಕಾರಣವೆಂದು ನಾನು ಒಪ್ಪಲಾರೆ. ಕೆಳಗಿನಿಂದ ಬದಲಿಸಲಾಗದ ಸಮಿತಿಗೆ ಸತ್ಯವನ್ನು ಸದಸ್ಯರ ಮುಂದಿಡಲೇಬೇಕಾದ ಒತ್ತಡವೇ ಇರುವುದಿಲ್ಲ.

ಹಾಗೆಂದು ಚಿಕ್ಕ ಪಕ್ಷಗಳೇ ವ್ಯರ್ಥವೆನ್ನುವವರ ಜೊತೆ ನಾನಿಲ್ಲ. ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್ ಸೋಷಿಯಲಿಸ್ಟ್ ಆಲ್ಟರ್ನೇಟಿವ್ ಎಂಬ ಪುಟ್ಟ ಸಂಘಟನೆಯಿಂದ 2013ರಲ್ಲಿ ಸಿಯಾಟಲ್ ನಗರ ಸಭೆಗೆ ಆಯ್ಕೆಯಾದರು. ಗಂಟೆಗೆ 15 ಡಾಲರ್ ಕನಿಷ್ಠ ವೇತನಕ್ಕಾಗಿ ಹೋರಾಡಿದರು. 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸುವ ಕಾನೂನನ್ನು ಮಂಡಿಸಿ ಗೆದ್ದರು. ಅಲ್ಲಿನ ಐಟಿ ಕಂಪನಿಗಳಲ್ಲಿ ದುಡಿಯುವ ದಲಿತ ಕನ್ನಡಿಗರಿಗೂ ಆ ಕಾನೂನು ರಕ್ಷಣೆಯಾಗಿದೆ. ಇಷ್ಟನ್ನು ಮಾಡಬಲ್ಲ ಶ್ರಮ ಈ ಸಂಘಟನೆಗಳಲ್ಲಿ ಇರುವುದರಿಂದಲೇ, ಆ ಶ್ರಮ ಕೊಡುವವರನ್ನು ಅವು ಒಬ್ಬೊಬ್ಬರಾಗಿ ಕಳೆದುಕೊಳ್ಳುವುದನ್ನು ನೋಡಿ ಸುಮ್ಮನಿರಲು ನನಗಾಗುವುದಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಗುಪ್ತ ಮತದಾನ, ಅಲ್ಪಮತದ ವಾದಕ್ಕೆ ಪಕ್ಷದ ಪತ್ರಿಕೆಯಲ್ಲೇ ಜಾಗ, ನಾಯಕತ್ವದ ಅಂಕೆಯಲ್ಲಿಲ್ಲದ ದೂರು ಸಮಿತಿ, ಇವು ಕ್ರಾಂತಿಯ ನಂತರ ನೋಡಿಕೊಳ್ಳುವ ವಿಷಯಗಳಲ್ಲ.

ಆ ನರ್ಸ್ ಸಮ್ಮೇಳನದಿಂದ ಬಂದ ಮೇಲೆ ಮೂರು ಸಭೆಗಳಿಗೆ ಬಂದರು, ನಾಲ್ಕನೆಯದಕ್ಕೆ ಬರಲಿಲ್ಲ. ಶನಿವಾರದ ಪತ್ರಿಕೆ ಮಾರಾಟದ ಸರದಿ ಪಟ್ಟಿಯಲ್ಲಿ ಅವರ ಹೆಸರಿದ್ದ ಕಡೆ ನನ್ನ ಹೆಸರನ್ನು ಬರೆಯಲಾಗಿತ್ತು.